ಮದುವೆಗೆ ಬರೀ ಹನ್ನೊಂದು ಜನ ಯಾಕೆ?

"ಆ ಅಮೆರಿಕದ ಮಧ್ಯಾಹ್ನದ ಸೀರಿಯಲ್‌ಗಳು ಈಗ ಯಾಕೆ ಇಷ್ಟು ಚೀಪಾಗಿ ಕಾಣುತ್ತವೆ?"

ನಾನು ಅವನ್ನು ನೋಡುತ್ತೇನೆ ಅಂತ ಗೊತ್ತಾದ ಐದು ನಿಮಿಷಕ್ಕೆ ಈ ಪ್ರಶ್ನೆ ಬರುತ್ತದೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು, ಓದಿದರೆ ಓದಿ, ಇಲ್ಲದಿದ್ದರೆ ಬಿಡಿ.

ಉತ್ತರ ಒಂದೇ ಪದ. ದುಡ್ಡಿಲ್ಲ. ನೋಡುವವರು ಕಮ್ಮಿಯಾದರು, ಜಾಹೀರಾತು ಕಮ್ಮಿಯಾಯಿತು, ಖರ್ಚಿಗೆ ಕತ್ತರಿ ಬಿತ್ತು. ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ. ಕೇಳುವವರಿಗೆ ಬೇಕಾಗಿರುವುದು ಉತ್ತರ ಅಲ್ಲವಲ್ಲ, ನಗುವುದಕ್ಕೆ ಒಂದು ನೆಪ.

ನಮ್ಮ ಭಾವನನ್ನೇ ತೆಗೆದುಕೊಳ್ಳಿ. ಒಂದು ದಿನ ಪಕ್ಕದಲ್ಲಿ ಕೂತು ಮೊಬೈಲ್ ನೋಡುವ ಹಾಗೆ ನಟಿಸುತ್ತಿದ್ದರು. ಟಿವಿಯಲ್ಲಿ ಮದುವೆ. ಇದ್ದಕ್ಕಿದ್ದ ಹಾಗೆ ಬೆರಳು ಮಡಚಿ ಎಣಿಸತೊಡಗಿದರು. "ಪಾದ್ರಿ ಸೇರಿ ಹನ್ನೊಂದು. ಕೋಟ್ಯಧಿಪತಿಯ ಮಗಳ ಮದುವೆಗೆ ಹನ್ನೊಂದು ಜನ! ಏನು, ಓಡಿಹೋಗಿ ಮದುವೆ ಆಗ್ತಿದ್ದಾಳಾ?" ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ಅಷ್ಟಕ್ಕೇ ಸುಮ್ನಿರದೆ ಅವರು ವಧುವಿನ ಹಿಂದಿದ್ದ ನೀಲಿ ಹೂದಾನಿಯನ್ನೂ ಹಿಡಿದರು. "ಇದು ಆಗ ಆಸ್ಪತ್ರೆಯಲ್ಲಿತ್ತು ಅಲ್ವಾ?" ಇತ್ತು. ಅದಕ್ಕೂ ಮುಂಚೆ ಖಳನಾಯಕನ ಮನೆಯಲ್ಲಿತ್ತು. ಆ ಹೂದಾನಿಯ ಪೂರ್ತಿ ಚರಿತ್ರೆ ನನಗೆ ಗೊತ್ತು, ಇವರು ಬಂದು ಕಂಡುಹಿಡಿಯಬೇಕಾಗಿರಲಿಲ್ಲ.

ಹನ್ನೊಂದೇ ಜನ ಯಾಕೆ ಅಂದರೆ, ಹಿಂದೆ ಸುಮ್ನೆ ಕೂತವರಿಗೂ ಸಂಬಳ ಕೊಡಬೇಕು. ಬಾಯಿ ಬಿಟ್ಟರೆ ಇನ್ನೂ ಜಾಸ್ತಿ. ಐದು ಸಾಲಿನೊಳಗೆ ಮಾತಾಡುವವರಿಗೆ ಆ ಉದ್ಯಮದಲ್ಲಿ 'ಅಂಡರ್ ಫೈವ್' ಅಂತಲೇ ಹೆಸರು, ಅವರ ರೇಟೇ ಬೇರೆ. ವೇಟರ್ ಕಾಫಿ ಇಟ್ಟು ತಲೆ ಆಡಿಸಿ ಹೋಗುತ್ತಾನಲ್ಲ, ಅವನು ಮೂಗ ಅಲ್ಲ ಮಾರಾಯ್ರೇ. ಒಂದು 'ಥ್ಯಾಂಕ್ಯೂ'ಗೂ ಬೆಲೆ ಇದೆ.

ವಧುವಿನ ಅಪ್ಪ ಮದುವೆಗೇ ಬಂದಿರಲಿಲ್ಲ, ಯೂರೋಪಿಗೆ ಹೋಗಿದ್ದನಂತೆ. ಇದಕ್ಕೂ ಲೆಕ್ಕಾಚಾರ ಇದೆ. ಕಾಂಟ್ರ್ಯಾಕ್ಟ್ ಇರುವ ನಟರಿಗೆ ವಾರಕ್ಕೆ ಇಂತಿಷ್ಟು ಕಂತು ಅಂತ ಖಾತ್ರಿ ಕೊಟ್ಟಿರುತ್ತಾರೆ, ಅದಕ್ಕಿಂತ ಜಾಸ್ತಿ ಕರೆಸಿದರೆ ಜಾಸ್ತಿ ದುಡ್ಡು. ಹಾಗಾಗಿ ಯಾರನ್ನು ಯಾವಾಗ ಊರಲ್ಲಿ ಇಡಬೇಕು ಅನ್ನುವುದನ್ನು ಕಥೆಗಿಂತ ಮುಂಚೆ ಲೆಕ್ಕದ ಪುಸ್ತಕ ತೀರ್ಮಾನಿಸುತ್ತದೆ. ಕೆಲವೊಮ್ಮೆ ಊರನ್ನೇ ಬಿಡಿಸುತ್ತಾರೆ. 'ಡೇಸ್ ಆಫ್ ಅವರ್ ಲೈವ್ಸ್'ನಲ್ಲಿ ಎಲ್ಲರಿಗೂ ಗೊತ್ತಿದ್ದ ಜೋಡಿ ಅಂದರೆ ಡೀಡ್ರಾ ಹಾಲ್ ಮತ್ತು ಡ್ರೇಕ್ ಹೋಗೆಸ್ಟಿನ್. 2009ರ ಜನವರಿಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೈಬಿಟ್ಟರು. ಕಾರಣ ಬಜೆಟ್. ಆಮೇಲೆ 2011ರಲ್ಲಿ ವಾಪಸ್ ಕರೆದರು, ಅದು ಬೇರೆ ಮಾತು.

ನನಗೆ ನಿಜವಾಗಿ ಉರಿಯುವುದು ಪ್ರಶ್ನೆಯಲ್ಲಿರುವ ಆ 'ಈಗ' ಅನ್ನುವ ಪದ. ಮುಂಚೆ ಏನೋ ಅರಮನೆಯಲ್ಲಿ ಶೂಟಿಂಗ್ ನಡೆಯುತ್ತಿದ್ದ ಹಾಗೆ! 1960ರ ದಶಕದ 'ಡಾರ್ಕ್ ಶ್ಯಾಡೋಸ್' ನೋಡಿ, ಗೋಡೆ ಅಲ್ಲಾಡುತ್ತದೆ, ಮೈಕು ಫ್ರೇಮಿನೊಳಗೆ ಇಣುಕುತ್ತದೆ, ನಟರು ಮಾತು ಮರೆತು ತಡವರಿಸುತ್ತಾರೆ. ರೇಡಿಯೊ ಕಾಲದಲ್ಲಿ ಸೋಪು ಮಾರಲಿಕ್ಕೆ ಹುಟ್ಟಿದ ಕಥೆಗಳಿವು, 'ಸೋಪ್ ಒಪೆರಾ' ಅನ್ನುವ ಹೆಸರಲ್ಲೇ ಸೋಪಿದೆ. ಶ್ರೀಮಂತಿಕೆ ಬಂದದ್ದು ನಡುವೆ ಒಂದಷ್ಟು ಕಾಲ ಮಾತ್ರ. 1981ರ ನವೆಂಬರ್‌ನಲ್ಲಿ 'ಜನರಲ್ ಹಾಸ್ಪಿಟಲ್'ನ ಲ್ಯೂಕ್ ಮತ್ತು ಲಾರಾ ಮದುವೆಯನ್ನು ಸುಮಾರು 3 ಕೋಟಿ ಜನ ನೋಡಿದರು, ಹಾಲಿವುಡ್ ತಾರೆ ಎಲಿಜಬೆತ್ ಟೇಲರ್ ಅತಿಥಿ ಪಾತ್ರದಲ್ಲಿ ಬಂದಿದ್ದರು. ನಮ್ಮ ಭಾವ ಬೆರಳು ಮಡಚಿ ಜನ ಎಣಿಸಿದ ಮದುವೆ ಆ ಮದುವೆಯ ಬಡ ಮೊಮ್ಮಗಳು.

ಮಧ್ಯೆ ಏನಾಯಿತು? ಮಧ್ಯಾಹ್ನ ಮನೆಯಲ್ಲಿರುತ್ತಿದ್ದ ಹೆಂಗಸರು ಕೆಲಸಕ್ಕೆ ಹೋದರು, ಕೇಬಲ್‌ನಲ್ಲಿ ನೂರು ಚಾನೆಲ್ ಬಂದವು. 1995ರಲ್ಲಿ ಮಾಜಿ ಹೆಂಡತಿಯ ಕೊಲೆ ಆರೋಪ ಹೊತ್ತ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್ ವಿಚಾರಣೆಯ ನೇರ ಪ್ರಸಾರ ತಿಂಗಳುಗಟ್ಟಲೆ ಸೀರಿಯಲ್‌ಗಳ ಹೊತ್ತನ್ನು ನುಂಗಿತು, ಆಗ ಅಭ್ಯಾಸ ತಪ್ಪಿದವರಲ್ಲಿ ತುಂಬ ಜನ ತಿರುಗಿ ಬರಲೇ ಇಲ್ಲ. ಆ ಜಾಗಕ್ಕೆ ಹರಟೆಯ ಕಾರ್ಯಕ್ರಮ ಹಾಕಿದರೆ ಖರ್ಚು ಕಮ್ಮಿ. ಸೀರಿಯಲ್‌ಗಳು ಒಂದೊಂದಾಗಿ ನಿಂತುಹೋದವು. 'ಡೇಸ್' 2022ರಲ್ಲಿ ಟಿವಿ ಬಿಟ್ಟು ಪೀಕಾಕ್ ಅನ್ನುವ ಸ್ಟ್ರೀಮಿಂಗ್‌ಗೆ ಹೋಯಿತು. 2025ರಲ್ಲಿ 'ಬಿಯಾಂಡ್ ದ ಗೇಟ್ಸ್' ಶುರುವಾಯಿತು ಅಂತ ನಾವೆಲ್ಲ ಕುಣಿದಾಡಿದ್ದು ಯಾಕೆ ಗೊತ್ತಾ? ಅಲ್ಲಿನ ದೊಡ್ಡ ವಾಹಿನಿಗಳಲ್ಲಿ 1999ರ ನಂತರ ಹುಟ್ಟಿದ ಮೊದಲ ಹೊಸ ಮಧ್ಯಾಹ್ನದ ಸೀರಿಯಲ್ ಅದು.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು 'ಗೈಡಿಂಗ್ ಲೈಟ್'. 1937ರಲ್ಲಿ ರೇಡಿಯೊದಲ್ಲಿ ಶುರುವಾದದ್ದು. 2008ರಲ್ಲಿ ಖರ್ಚು ಉಳಿಸಲು ಕೈಯಲ್ಲಿ ಹಿಡಿಯುವ ಸಣ್ಣ ಡಿಜಿಟಲ್ ಕ್ಯಾಮೆರಾ ಹಿಡಿದು ನ್ಯೂಜೆರ್ಸಿಯ ಪೀಪ್ಯಾಕ್ ಅನ್ನುವ ಊರಿಗೆ ಹೋದರು. ನಿಜವಾದ ಮನೆ, ನಿಜವಾದ ಮರ, ನಿಜವಾದ ಬಿಸಿಲು. ಆದರೂ ರಟ್ಟಿನ ಗೋಡೆಗಿಂತ ಕಳಪೆಯಾಗಿ ಕಂಡಿತು! ಗಾಳಿ ಸದ್ದಿಗೆ ಮಾತು ಕೇಳಿಸದು, ಕ್ಯಾಮೆರಾ ನಿಂತಲ್ಲಿ ನಿಲ್ಲದು, ಯಾರೋ ನೆಂಟರು ತೆಗೆದ ವಿಡಿಯೊ ಇದ್ದ ಹಾಗೆ. ನಾವು ನಂಬಿದ್ದು ಆ ಹುಸಿ ಡ್ರಾಯಿಂಗ್ ರೂಮನ್ನು, ಅಲ್ಲಿನ ಬೆಳಕನ್ನು. ನಿಜವಾದ ಮರ ಯಾರಿಗೆ ಬೇಕಿತ್ತು? 2009ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 72 ವರ್ಷ.

ಇಷ್ಟು ಹೇಳಿದ ಮೇಲೂ, "ಮುತ್ತಿನ ದೃಶ್ಯಕ್ಕೆ ಬೊಂಬೆ ಇಟ್ಟಿದ್ದರಂತಲ್ಲ?" ಅಂತ ಒಬ್ಬರು ಕೇಳಿಯೇ ಕೇಳುತ್ತಾರೆ. 'ದ ಬೋಲ್ಡ್ ಅಂಡ್ ದ ಬ್ಯೂಟಿಫುಲ್'ನಲ್ಲಿ ಇಟ್ಟಿದ್ದರು, ಹೌದು. ಅದು 2020. ಕೊರೊನಾ. ಬಜೆಟ್ ಅಲ್ಲ.

ಯಾರೂ ಕೇಳದ ಪ್ರಶ್ನೆ ಒಂದಿದೆ. ಇಷ್ಟೆಲ್ಲ ಕಿತ್ತುಕೊಂಡ ಮೇಲೂ ಅಲ್ಲಿ ನೋಡಲಿಕ್ಕೆ ಏನು ಉಳಿದಿದೆ?

'ಡೇಸ್'ನಲ್ಲಿ ಡಗ್ ಮತ್ತು ಜೂಲಿ ಅಂತ ಗಂಡ ಹೆಂಡತಿ. ಬಿಲ್ ಹೇಯ್ಸ್, ಸೂಸನ್ ಸೀಫೋರ್ತ್ ಹೇಯ್ಸ್. ಸೆಟ್‌ನಲ್ಲೇ ಪರಿಚಯವಾಗಿ 1974ರಲ್ಲಿ ನಿಜವಾಗಿಯೂ ಮದುವೆಯಾದರು. ಕಥೆಯೊಳಗಿನ ಮದುವೆ ಆಗಿದ್ದು ಅದರ ನಂತರ, 1976ರಲ್ಲಿ. 2024ರ ಜನವರಿಯಲ್ಲಿ ಬಿಲ್ ತೀರಿಕೊಂಡರು, 98 ವರ್ಷ. ಈ ಸೀರಿಯಲ್ ತಿಂಗಳುಗಟ್ಟಲೆ ಮುಂಚೆಯೇ ಶೂಟ್ ಆಗುವುದರಿಂದ ಡಗ್ ಮಾತ್ರ ಆ ವರ್ಷದ ಕೊನೆಯವರೆಗೂ ಸಾಯಲಿಲ್ಲ.

ಆ ಕಂತುಗಳನ್ನು ನೋಡುವಾಗಲೂ ಭಾವ ಪಕ್ಕದಲ್ಲಿದ್ದರು, ಅದೇ ಮೊಬೈಲ್ ಹಿಡಿದು. ಸ್ವಲ್ಪ ಹೊತ್ತಾದ ಮೇಲೆ, "ಈ ಅಜ್ಜಿ ಚೆನ್ನಾಗಿ ಮಾಡ್ತಾರಲ್ಲ, ಯಾರು?" ಅಂದರು. ಹೇಳಿದೆ. ಮೊಬೈಲ್ ಕೆಳಗಿಟ್ಟರು. "ಅಂದರೆ ಗಂಡ ಹೋದದ್ದನ್ನು ಎರಡನೇ ಸಲ ಕ್ಯಾಮೆರಾ ಮುಂದೆ ಮಾಡಿದರಾ? ಎಷ್ಟು ಟೇಕ್ ತೆಗೆದುಕೊಂಡರೋ ಪಾಪ."

ಇವತ್ತಿನ ಈ ಸೀರಿಯಲ್‌ಗಳಲ್ಲಿ ಎರಡನೇ ಟೇಕಿಗೆ ಪುರುಸೊತ್ತು ಎಲ್ಲಿದೆ. ಅದೂ ಒಂದೇ ಟೇಕ್ ಇದ್ದಿರಬೇಕು.