ಈ ಕಣ್ಣಿಗೊಂದು, ಆ ಕಣ್ಣಿಗೊಂದು

"ಈ ಕಣ್ಣಿಗೆ ಎರಡೂ ಒಂದೇ ಕಣೇ. ಈ ಕಣ್ಣಿಗೆ ಬೇರೆಬೇರೆ."

ಮಂಗಳವಾರದಿಂದ ಅಮ್ಮನ ಈ ಮಾತು ತಲೆಯಿಂದ ಇಳಿದಿಲ್ಲ. ಮೈಸೂರಿನ ಮನೆಯಲ್ಲಿ ಅವಳ ಕೋಣೆಗೆ ಬೂದು ಬೆರೆತ ಎರಡು ತಿಳಿಹಸಿರು ಆರಿಸಿದ್ದೆವು. ಒಂದು ತುಸು ನೀಲಿಯ ಕಡೆಗೆ, ಇನ್ನೊಂದು ಹಳದಿಯ ಕಡೆಗೆ. ಫೋಟೊ ನೋಡಿದ ಅಣ್ಣ, "ಎರಡೂ ಒಂದೇ, ಯಾವ್ದೋ ಒಂದು ಬಳಿಸಿಬಿಡು" ಅಂದ. ಫೋನಿನಲ್ಲಿ ಬಣ್ಣ ನೋಡಿ ತೀರ್ಪು ಕೊಡುವವರನ್ನು ಕಂಡರೆ ನನಗಾಗದು.

ಪೇಂಟರ್ ಹಾಗಲ್ಲ. ಪ್ರೈಮರ್ ಒಣಗಿದ ಗೋಡೆಗೆ ಎರಡನ್ನೂ ಅಕ್ಕಪಕ್ಕ, ಎರಡೆರಡು ಕೋಟ್ ಹೊಡೆದು, "ಹಸಿ ಬಣ್ಣ ನಂಬ್ಬೇಡಿ ಅಮ್ಮಾ. ಒಣಗಿದ್ಮೇಲೆ ಬೆಳಗ್ಗೆ ಒಂದ್ಸಲ, ಲೈಟ್ ಹಾಕಿ ಒಂದ್ಸಲ ನೋಡಿ" ಎಂದು ಹೋದರು. ಇಂಥ ಕೆಲಸಗಾರರು ಸಿಗುವುದು ಪುಣ್ಯ. ಉತ್ತರದ ಕಿಟಕಿಯ ಬೆಳಕಲ್ಲಿ ನೀಲಿಯದು ತಣ್ಣಗಿತ್ತು. ರಾತ್ರಿ 2700 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಎಲ್‌ಇಡಿ ಹಾಕಿದರೆ ಎರಡರ ನಡುವಿನ ಗೆರೆಯೇ ಕಾಣದು. ರೆಡ್ ಆಕ್ಸೈಡ್ ನೆಲದ ಕೆಂಪು ಬಿದ್ದು ಗೋಡೆಯ ಬುಡದಲ್ಲಿ ಹಸಿರು ಇನ್ನೂ ಮಂಕು.

ಅಮ್ಮನ ಬಲಗಣ್ಣಿನ ಪೊರೆ ಈಚೆಗೆ ತೆಗೆಸಿದ್ದೇವೆ, ಎಡಗಣ್ಣಿನದು ಬಾಕಿ. ಹಾಡಹಗಲಲ್ಲಿ ಗೋಡೆಯ ಮುಂದೆ ನಿಂತು, ಒಂದೊಂದೇ ಕಣ್ಣು ಕೈಯಿಂದ ಮುಚ್ಚಿ ನೋಡಿ ಆ ಮಾತು ಹೇಳಿದಳು. ಎಡಗಣ್ಣಿಗೆ ಒಂದೇ, ಬಲಗಣ್ಣಿಗೆ ಬೇರೆ. ಮತ್ತೆ ಮುಚ್ಚಿದಳು, ಮತ್ತೆ ತೆಗೆದಳು.

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನೇ ಹೆಚ್ಚಾಗಿ ತಡೆಯುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಆಗುವುದರಿಂದ ನೋಡುವವರಿಗೇ ತಿಳಿಯುವುದಿಲ್ಲ. ಪೊರೆಯ ಆಪರೇಷನ್ನಿನಲ್ಲಿ ಆ ಮಸೂರವನ್ನೇ ತೆಗೆದು ತಿಳಿಯಾದ ಕೃತಕ ಮಸೂರ ಕೂರಿಸುತ್ತಾರೆ. ನಮ್ಮ ಎರಡು ಬಣ್ಣಗಳ ವ್ಯತ್ಯಾಸವಿದ್ದದ್ದೂ ಆ ಚೂರು ನೀಲಿಯಲ್ಲೇ. ಹಾಗಾದರೆ ಎಷ್ಟು ಕಾಲದಿಂದ ಅವಳು ಶಂಖಪುಷ್ಪವನ್ನು, ಆಕಾಶವನ್ನು ಹಳದಿ ಗಾಜಿನ ಹಿಂದಿನಿಂದ ನೋಡುತ್ತಿದ್ದಳೋ! "ಬಣ್ಣ ಹೋಗಿದೆ" ಅಂತ ನವಿಲುನೀಲಿ ಸೀರೆಯೊಂದನ್ನು ಯಾರಿಗೋ ಕೊಟ್ಟಳಲ್ಲ, ಬಣ್ಣ ಹೋಗಿದ್ದು ಸೀರೆಯದೇ? ಗದ್ದಲವಿಲ್ಲದೆ ಕಳೆದುಹೋದದ್ದನ್ನು ಕೇಳುವವರಾದರೂ ಯಾರು? ಮುದುಕರ ಕೋಣೆಗೆ ಯಾವ ಬಣ್ಣವಾದರೇನು ಅನ್ನುವವರ ಮೇಲೆ ನನಗೀಗ ನಿಜಕ್ಕೂ ಸಿಟ್ಟು.

"ಇನ್ನೊಂದು ಕಣ್ಣಿಗೂ ಆಪರೇಷನ್ ಆಗತ್ತಲ್ಲ, ನೀಲಿದೇ ಬಳೀಲಿ" ಅಂದಳು ಅಮ್ಮ. ಬಲ್ಬನ್ನೂ ಹಳದಿ ಕಡಿಮೆಯ, ಬಿಳಿ ಬೆಳಕಿನ 4000 ಕೆಲ್ವಿನ್‌ನದಕ್ಕೆ ಬದಲಿಸಿದ್ದೇನೆ. ರಾತ್ರಿಯೂ ಆ ನೀಲಿ ಅವಳಿಗೆ ಸಿಗಬೇಕು.