ಗಣಿಯ ರಾಡಿ ನೀರಿಗೊಂದು ಹೂಳುಕಟ್ಟೆ

ಗಣಿಯ ರಾಡಿ ನೀರನ್ನು ನಿಲ್ಲಿಸಿ ಹೂಳನ್ನು ತಳಕ್ಕೆ ಕೂರಿಸುವುದು ಹೂಳುಕಟ್ಟೆಯ ಕೆಲಸ. ನಕಾಶೆಯ ಲೆಕ್ಕದಲ್ಲಿ ಈ ಕಟ್ಟೆಗೆ ನೀರು ಹರಿದು ಬರುವ ಜಾಗ 31 ಹೆಕ್ಟೇರ್. ಗಣಿಯ ನೆತ್ತಿಯಿಂದ ಕೆಳಗಿನ ಹಳ್ಳದವರೆಗೆ ಒಂದು ಬೆಳಿಗ್ಗೆ ನಡೆದು ನೋಡಿದ ಮೇಲೆ ಅದು 18ಕ್ಕೆ ಇಳಿಯಿತು. ಉಳಿದ 13 ಹೆಕ್ಟೇರ್ ಯಂತ್ರ ಮುಟ್ಟದ ಕುರುಚಲು ಕಾಡು. ಅಲ್ಲಿನ ನೀರು ತಿಳಿಯಾಗಿಯೇ ಬರುತ್ತದೆ. ಅದನ್ನು ರಾಡಿಗೆ ಬೆರೆಸಿ, ಆಮೇಲೆ ಎರಡನ್ನೂ ತಿಳಿಗೊಳಿಸಲು ಹೊರಡುವುದು ದಂಡದ ಕೆಲಸ. ಡಂಪಿನ, ಅಂದರೆ ಗಣಿತ್ಯಾಜ್ಯದ ರಾಶಿಯ, ಮೇಲ್ಬದಿಯಲ್ಲಿ ತಿರುವುಗಾಲುವೆ ತೋಡಿ ಆ ನೀರನ್ನು ಪಕ್ಕದ ಹಳ್ಳಕ್ಕೆ ದಾಟಿಸಿದರೆ ಕಟ್ಟೆಯ ಗಾತ್ರ ಅಲ್ಲೇ ಅರ್ಧಕ್ಕೆ ಹತ್ತಿರ ಬರುತ್ತದೆ. ಕಾಲುವೆ ಕೊನೆಯಾಗುವಲ್ಲಿ ಕಲ್ಲು ಹಾಸುವುದನ್ನು ಮಾತ್ರ ಮರೆಯಬಾರದು. ಮರೆತರೆ ಪಕ್ಕದ ಹಳ್ಳವೇ ಕೊರೆದುಹೋಗುತ್ತದೆ.

ನಡೆಯುವಾಗ ಮಾಡಬೇಕಾದ ಇನ್ನೊಂದು ಕೆಲಸಕ್ಕೆ ಲೋಟ ಸಾಕು. ಡಂಪಿನ ಮಣ್ಣಿನ ಕಡಲೆಕಾಳಿನಷ್ಟು ಹೆಂಟೆಯನ್ನು ಬಟ್ಟಿ ಇಳಿಸಿದ ನೀರಿಗೆ ಹಾಕಿ ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ಹೆಂಟೆ ಕುಸಿದು ಸುಮ್ಮನೆ ಕೂತರೆ ಸಮಾಧಾನ. ಅದರ ಸುತ್ತ ಹಾಲಿನಂಥ ಮಬ್ಬು ಹರಡಿದರೆ ಅದು ನೀರಿನಲ್ಲಿ ಚದುರುವ ಜೇಡಿ. ಈ ಮಣ್ಣು ಕಟ್ಟೆಯೊಳಗೆ ತಾನಾಗಿ ತಳ ಸೇರುವುದಿಲ್ಲ. ಏರಿಗೆ ಬಳಸಿದರೆ ಏರಿಯನ್ನೇ ಒಳಗಿನಿಂದ ಕರಗಿಸುತ್ತದೆ.

ಇನ್ನು ಲೆಕ್ಕ. ಐದು ದಿನದಲ್ಲಿ 75 ಮಿ.ಮೀ. ಮಳೆ, ಅದರಲ್ಲಿ ಹರಿದು ಬರುವ ಪಾಲು 0.6 ಎಂದು ಹಿಡಿದರೆ 18 ಹೆಕ್ಟೇರಿನಿಂದ 8,100 ಘನ ಮೀಟರ್ ನೀರು. ಹೂಳು ಕೂರಲು ಅದರ ಅರ್ಧದಷ್ಟು, ಅಂದರೆ 4,050, ಕೆಳಗೆ ಬೇರೆಯಾಗಿ ಇಡಬೇಕು. ನೀರಿನ ಪದರ 1.5 ಮೀಟರ್ ಆಳವಾದರೆ ಸುಮಾರು 5,400 ಚದರ ಮೀಟರ್ ಹರವು ಬೇಕಾಗುತ್ತದೆ. 130 ಮೀಟರ್ ಉದ್ದ, 42 ಮೀಟರ್ ಅಗಲ ಇಟ್ಟರೆ ಆಯಿತು. ಉದ್ದ ಅಗಲದ ಮೂರು ಪಟ್ಟಿಗಿಂತ ಕಡಿಮೆಯಾದರೆ ಒಳಬಂದ ನೀರು ನೇರ ದಾರಿ ಹಿಡಿದು ತೂಬು ಸೇರುತ್ತದೆ, ಮೂಲೆಗಳು ಸುಮ್ಮನೆ ನಿಂತಿರುತ್ತವೆ. ಜಾಗ ಚೌಕಾಕಾರವಾಗಿಯೇ ಸಿಕ್ಕರೆ ನಡುವೆ ಅಡ್ಡಗೋಡೆ ಹಾಕಿ ನೀರನ್ನು ಸುತ್ತಿಸಬೇಕು.

ಗಂಟೆಗೆ 80 ಮಿ.ಮೀ. ಬಿರುಸಿನ ಮಳೆಗೆ ಇದೇ ಜಾಗದಿಂದ ಸೆಕೆಂಡಿಗೆ 2.4 ಘನ ಮೀಟರ್ ನುಗ್ಗುತ್ತದೆ. ಅಷ್ಟೂ ಹಾಗೇ ಹಾದುಹೋದರೆ, ನೀರು ಎಲ್ಲೂ ಸುಳಿಯದೆ ಸಮನಾಗಿ ಹರಿದರೂ, ಪೂರ್ತಿ ತಳ ಸೇರುವುದು ಸುಮಾರು 22 ಮೈಕ್ರಾನ್‌ಗಿಂತ ದಪ್ಪ ಕಣ ಮಾತ್ರ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಜೇಡಿಯ 2 ಮೈಕ್ರಾನ್ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು 77 ಗಂಟೆ ತೆಗೆದುಕೊಳ್ಳುತ್ತದೆ. ಮಬ್ಬು ಹೋಗುತ್ತಿಲ್ಲವೆಂದು ಏರಿ ಎತ್ತರಿಸಲು ಹೊರಡುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಅಂಥ ಮಣ್ಣಿಗೆ ನೀರು ನಿಲ್ಲಿಸಿ, ಜಿಪ್ಸಮ್ ಅಥವಾ ಆಲಂ (ಪಟಿಕ) ಹಾಕಿ, ತಿಳಿಯಾದ ಮೇಲೆ ಬಿಡುವುದೇ ದಾರಿ. ಪ್ರಮಾಣವನ್ನು ಅದೇ ಕಟ್ಟೆಯ ನೀರನ್ನು ಜಾಡಿಗಳಲ್ಲಿ ತುಂಬಿ, ಬೇರೆ ಬೇರೆ ಅಳತೆ ಹಾಕಿ ನೋಡಿಯೇ ನಿರ್ಧರಿಸಬೇಕು. ಆಲಂ ನೀರನ್ನು ಹುಳಿಯಾಗಿಸುವುದರಿಂದ ಬಿಡುವ ಮೊದಲು ಪಿಎಚ್ ನೋಡಲೇಬೇಕು.

ತೂಬಿನ ಬಾಯಿ ತಳದಲ್ಲಿದ್ದರೆ ಕೂತ ಹೂಳೇ ಮೊದಲು ಹೊರಗೆ. ಮೇಲಿನ ತಿಳಿಯನ್ನು ಮಾತ್ರ ಎಳೆಯುವ ತೇಲು ತೂಬು ಒಳ್ಳೆಯದು. ಐದು ದಿನದಲ್ಲಿ ಕಟ್ಟೆಯ ನೀರು ಹೂಳಿನ ಗುರುತಿನವರೆಗೆ ಇಳಿಯುವಂತೆ ಅದರ ಕಿಂಡಿ ಇರಲಿ, ಇಲ್ಲವಾದರೆ ಮುಂದಿನ ಮಳೆಗೆ ಜಾಗವಿರುವುದಿಲ್ಲ.

ಕಟ್ಟೆ ಒಡೆಯುವುದು ಹೆಚ್ಚಾಗಿ ಕೋಡಿ ಕಿರಿದಾದಾಗ ಅಥವಾ ಪೈಪಿನ ಪಕ್ಕದಲ್ಲಿ ನೀರು ದಾರಿ ಮಾಡಿಕೊಂಡಾಗ. ಕೋಡಿಗೆ ಗಂಟೆಗೆ 150 ಮಿ.ಮೀ. ಮಳೆ ಹಿಡಿಯಿರಿ. ಅಷ್ಟು ಹೊತ್ತಿಗೆ ನೆಲ ನೆನೆದು ಕುಡಿಯುವುದನ್ನು ನಿಲ್ಲಿಸಿರುತ್ತದೆ, ಹಾಗಾಗಿ ಪಾಲು 0.75. ಸೆಕೆಂಡಿಗೆ 5.6 ಘನ ಮೀಟರ್ ಬರುತ್ತದೆ. ಕೋಡಿಯ ಮೇಲೆ ಅರ್ಧ ಮೀಟರ್ ನೀರು ಹರಿಯಲು ಬಿಟ್ಟರೆ 9.4 ಮೀಟರ್ ಅಗಲ ಸಾಕು, 10 ಇಡಿ. ಅದರ ಮೇಲೆ ಇನ್ನರ್ಧ ಮೀಟರ್ ಏರಿ ಖಾಲಿ ಇರಬೇಕು. ಕೋಡಿಯನ್ನು ಏರಿಯ ನಡುವೆ ತುಂಬಿದ ಮಣ್ಣಿನ ಮೇಲೆ ಕೂರಿಸದೆ ಪಕ್ಕದ ಗಟ್ಟಿ ನೆಲದಲ್ಲಿ ಕಡಿದು, ಕಲ್ಲು ಹಾಸಬೇಕು.

ಏರಿಗೆ ಮೊದಲು ಬೇರು, ಹುಲ್ಲು, ಮೇಲ್ಮಣ್ಣು ಕೆರೆದು, ಗಟ್ಟಿ ನೆಲ ಸಿಗುವವರೆಗೆ ಕಂದಕ ತೋಡಿ ಜೇಡಿ ತುಂಬಬೇಕು. 200 ಮಿ.ಮೀ. ಪದರ ಹರಡಿ, ಹದಕ್ಕೆ ನೀರು ಚಿಮುಕಿಸಿ, ಪ್ರಾಕ್ಟರ್ ಸಾಂದ್ರತೆಯ (ಪ್ರಯೋಗಾಲಯದ ಪ್ರಾಕ್ಟರ್ ಪರೀಕ್ಷೆಯಲ್ಲಿ ಆ ಮಣ್ಣಿಗೆ ಸಿಗುವ ಗರಿಷ್ಠ ಸಾಂದ್ರತೆ) 95 ಪ್ರತಿಶತ ಬರುವವರೆಗೆ ರೋಲರ್ ಓಡಿಸಬೇಕು. ಪೈಪಿನ ಅಡಿಭಾಗಕ್ಕೆ ರೋಲರ್ ತಲುಪುವುದಿಲ್ಲ. ಅಲ್ಲಿ ಕೈ ಧಮ್ಮಸೇ ಗತಿ. ಹೊರಬದಿಯಲ್ಲಿ ಪೈಪಿನ ಸುತ್ತ ಮರಳಿನ ಸೋಸು ಪದರ ಹಾಕಿದರೆ ಒಸರುವ ನೀರು ಮಣ್ಣನ್ನು ಹೊತ್ತೊಯ್ಯುವುದಿಲ್ಲ. ಗಂಧಕವಿರುವ ಗಣಿತ್ಯಾಜ್ಯ ಹತ್ತಿರದಲ್ಲೇ ಬಿದ್ದಿದೆಯೆಂದು ಏರಿಗೆ ತುಂಬಿದರೆ ಆಮ್ಲ ಜಿನುಗತೊಡಗುತ್ತದೆ.

ಹೂಳಿನ ಮಟ್ಟಕ್ಕೆ ಕೆಂಪು ಗುರುತಿನ ಗೂಟ ನೆಡಿ. ಗುರುತು ಮುಚ್ಚಿದ ಕೂಡಲೇ ಎಕ್ಸ್‌ಕವೇಟರ್ ಕರೆಸಬೇಕು. ಅದು ಇಳಿಯಲು ಇಳಿಜಾರು ದಾರಿಯನ್ನು ಡಿಸೈನಿನಲ್ಲೇ ಬಿಟ್ಟಿರಬೇಕು. ತೆಗೆದ ಹೂಳನ್ನು ಏರಿಯ ಪಕ್ಕದಲ್ಲಿ ಸುರಿದರೆ ಮುಂದಿನ ಮಳೆಗೆ ಅದೇ ಹೂಳು ವಾಪಸ್. ಡಂಪಿನ ಮೇಲೆ ಸುತ್ತ ಬದು ಕಟ್ಟಿದ ಗುಂಡಿಯಲ್ಲಿ ಒಣಗಿಸಿ, ಅಲ್ಲೇ ಮುಚ್ಚಿ.