ಪುನರ್ವಸು ಮಳೆಯಲ್ಲಿ ಒಂದು ಕಾವಿ ಶಾಲು

ಶಾಲನ್ನು ಬಕೆಟಿನಲ್ಲಿ ಮುಳುಗಿಸಿ ಹತ್ತು ನಿಮಿಷವೂ ಆಗಿರಲಿಲ್ಲ. "ಅಕ್ಕಾ, ನೀರು ಕೆಂಪಾತು!" ಎಂಬ ಕೂಗು ಬಚ್ಚಲಿನಿಂದ ಬಂತು. ಶಿರಸಿಯಲ್ಲಿ ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿದ್ದ ವಾರ ಅದು. 648 ಸಾಲು ಹೆಣೆದು, ಕುಣಿಕೆ ಮುಚ್ಚಿ, ತೂಕ ಬರೆದಿಟ್ಟು ನೀರಿಗಿಳಿಸಿದ್ದ ಶಾಲು. ಎರಡೇ ಬಣ್ಣ, ಕೆಂಪು ಮತ್ತು ಬಿಳಿ. ಬಿಳಿಯ ಮೇಲೆ ಕೆಂಪು ಬಿಟ್ಟರೆ ಅಷ್ಟೂ ಸಾಲಿನ ಅರ್ಥ ಕಲಸಿಹೋಗುತ್ತದೆ. ಈ ಶಾಲಿನ ಗುಟ್ಟು ಇದ್ದದ್ದೇ ಎರಡು ಬಣ್ಣ ಕೂಡುವ ಅಂಚು ಚೂರಿಯಲ್ಲಿ ಕೊಯ್ದಂತೆ ಸ್ವಚ್ಛವಾಗಿರುವುದರಲ್ಲಿ.

ವಿನ್ಯಾಸ ಹುಟ್ಟಿದ್ದು ಕಾವಿ ಗೋಡೆಯಿಂದ. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲೂ ಕರಾವಳಿಯ ಹಳೆಯ ಗುಡಿಗಳಲ್ಲೂ ಕಾವಿ ಚಿತ್ರಗಳಿವೆ. ಕೆಳಗೆ ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಲೇಪ. ಲೇಪ ಪೂರ್ತಿ ಗಟ್ಟಿಯಾಗುವ ಮುಂಚೆ ಮೊನೆಯಿಂದ ಕೆರೆದರೆ ಕೆಳಗಿನ ಬಿಳಿ ಗೆರೆಯಾಗಿ ಮೇಲೆ ಬರುತ್ತದೆ. ಬಳ್ಳಿ, ಆನೆ, ದೇವತೆಗಳು ಗೋಡೆಯ ನಡುವೆ ಇರುತ್ತವೆ. ಶಾಲಿಗೆ ಬೇಕಾದದ್ದು ಅವುಗಳ ಸುತ್ತಲಿನ ಪಟ್ಟಿ: ಒಂದರೊಳಗೊಂದು ಕೂತ ಚೌಕ, ಮೆಟ್ಟಿಲು ಮೆಟ್ಟಿಲಾದ ವಜ್ರಾಕೃತಿ. ದುಂಡು ಬಳ್ಳಿಯನ್ನು ಕಡ್ಡಿಯ ಮೇಲೆ ತರಲು ಹೋಗಬೇಡಿ. ಕುಣಿಕೆ ಎಂದರೆ ಚೌಕ ಮನೆ, ಅದರಲ್ಲಿ ಬಳ್ಳಿ ಬಿದ್ದರೆ ಮುರಿದ ಕೊಂಬೆಯ ಹಾಗೆ ಕಾಣುತ್ತದೆ.

ಎರಡು ಬಣ್ಣದ ನೂಲನ್ನು ಒಂದೇ ಸಾಲಿನಲ್ಲಿ ಒಟ್ಟಿಗೆ ಎಳೆದುಕೊಂಡು ಹೋಗುವ ಪದ್ಧತಿ ಸ್ವೆಟರಿಗೆ ಸರಿ. ಶಾಲಿಗೆ ಅದು ಒಳ್ಳೆಯದಲ್ಲ. ಹಿಂಬದಿಯಲ್ಲಿ ಎಳೆಗಳು ಜೋತಾಡುತ್ತವೆ, ಬಳೆ ಸಿಕ್ಕಿಕೊಳ್ಳುತ್ತದೆ, ದಪ್ಪ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅದಕ್ಕೇ ಇಲ್ಲಿ ಮೊಸಾಯಿಕ್ ಹೆಣಿಗೆ. ಎರಡು ಸಾಲು ಪೂರ್ತಿ ಕೆಂಪಿನಲ್ಲಿ, ಮುಂದಿನ ಎರಡು ಸಾಲು ಪೂರ್ತಿ ಬಿಳಿಯಲ್ಲಿ, ಒಮ್ಮೆಗೆ ಕೈಯಲ್ಲಿ ಒಂದೇ ನೂಲು. ಕೆಂಪು ಸಾಲಿನಲ್ಲಿ ಬಿಳಿಯಾಗಿ ಕಾಣಬೇಕಾದ ಕುಣಿಕೆ ಬಂದರೆ ಅದನ್ನು ಹೆಣೆಯದೆ ಎಡಗಡ್ಡಿಯಿಂದ ಬಲಗಡ್ಡಿಗೆ ದಾಟಿಸುವುದು, ಅಷ್ಟೆ. ಮುಂಬದಿಯಲ್ಲಿ ದಾಟಿಸುವಾಗ ನೂಲು ಹಿಂದೆ ಇರಬೇಕು, ಹಿಂಬದಿಯಲ್ಲಿ ದಾಟಿಸುವಾಗ ನೂಲು ನಿಮ್ಮ ಕಡೆಗೆ ಇರಬೇಕು. ಎರಡೂ ಸಲ ಎಳೆ ಶಾಲಿನ ಬೆನ್ನಿಗೇ ಬೀಳುತ್ತದೆ. ಹಿಂಬದಿ ಸಾಲಿನಲ್ಲಿ ನೂಲನ್ನು ಈಚೆ ತರಲು ಮರೆತರೆ ಮುಂಬದಿಯಲ್ಲಿ ಅಡ್ಡ ಗೀಟು ಏಳುತ್ತದೆ. ಹೊಸಬರ ಶಾಲಿನಲ್ಲಿ ಮೊದಲು ಕಾಣುವ ತಪ್ಪು ಇದೇ.

ಗ್ರಾಫ್ ಹಾಳೆಯ ಮೇಲೆ ಬರೆಯುವಾಗಲೂ ಈ ನಿಯಮ ತಲೆಯಲ್ಲಿರಬೇಕು. ದಾಟಿಸಿದ ಕುಣಿಕೆ ಕೆಳಗಿನ ಸಾಲಿನ ಬಣ್ಣವನ್ನೇ ಮೇಲಕ್ಕೆ ಎಳೆದು ತರುತ್ತದೆ. ಆದ್ದರಿಂದ ಕೆಂಪು ಸಾಲಿನಲ್ಲಿ ಬಿಳಿ ಮನೆ ಬೇಕಿದ್ದರೆ ಅದರ ನೇರ ಕೆಳಗಿನ ಮನೆಯೂ ಬಿಳಿಯೇ ಆಗಿರಬೇಕು. ಇದನ್ನು ನೋಡದೆ ಚೆಂದದ ಚಿತ್ರ ಬರೆದರೆ ಅದು ಹಾಳೆಯಲ್ಲೇ ಉಳಿಯುತ್ತದೆ. ಒಂದರ ಪಕ್ಕ ಒಂದು ಎರಡಕ್ಕಿಂತ ಹೆಚ್ಚು ಕುಣಿಕೆ ದಾಟಿಸುವ ಜಾಗ ಎಲ್ಲೂ ಬಾರದಂತೆ ನೋಡಿಕೊಳ್ಳಿ. ಮೂರು ಆದರೆ ಹಿಂದಿನ ಎಳೆ ಬಿಗಿದು ಬಟ್ಟೆ ಸುಕ್ಕಾಗುತ್ತದೆ. ಈ ಶಾಲಿನ ವಜ್ರಾಕೃತಿಗೆ 12 ಕುಣಿಕೆ ಅಗಲ, 24 ಮನೆ ಎತ್ತರ. ಹಾಳೆಯ ಒಂದು ಮನೆ ಎತ್ತರ ಎಂದರೆ ಹೆಣಿಗೆಯಲ್ಲಿ ಎರಡು ಸಾಲು. ಎರಡೂ ಬದಿ ಸೀದಾ ಹೆಣೆಯುವ ಗಾರ್ಟರ್ ಹೆಣಿಗೆಯಲ್ಲಿ ಒಂದು ಕುಣಿಕೆಯ ಅಗಲವೂ ಎರಡು ಸಾಲಿನ ಎತ್ತರವೂ ಹೆಚ್ಚುಕಡಿಮೆ ಸಮ. ಹಾಗಾಗಿ ಸಾದಾ ಲೆಕ್ಕದ ಪುಸ್ತಕದ ಚೌಕ ಹಾಳೆಯೇ ಸಾಕು, ಚಿತ್ರ ಉದ್ದುದ್ದವಾಗುವ ಭಯವಿಲ್ಲ.

ಅಳತೆಗೆ ಮಾದರಿ ತುಂಡು ಹೆಣೆಯುವುದನ್ನು ಬಹಳ ಜನ ವ್ಯರ್ಥ ಕೆಲಸ ಎನ್ನುತ್ತಾರೆ. ನಮಗೆ ಅದರಷ್ಟು ನಿಜ ಹೇಳುವ ವಸ್ತು ಬೇರೆ ಇಲ್ಲ. 15 ಸೆಂಟಿಮೀಟರ್ ಚೌಕದ ತುಂಡು, ಅದೇ ನಮೂನೆಯಲ್ಲಿ. ಸಾದಾ ಹೆಣಿಗೆಯ ತುಂಡು ಇಲ್ಲಿ ದಾರಿ ತಪ್ಪಿಸುತ್ತದೆ, ಯಾಕೆಂದರೆ ದಾಟಿಸಿದ ಕುಣಿಕೆಗಳು ಸಾಲನ್ನು ಕೆಳಕ್ಕೆ ಜಗ್ಗುತ್ತವೆ. ತುಂಡನ್ನು ತೊಳೆದು, ಒಣಗಿಸಿ, ನಡುವಿನ 10 ಸೆಂಟಿಮೀಟರ್ ಮಾತ್ರ ಎಣಿಸಬೇಕು. ಡಬಲ್ ನಿಟ್ ಎನ್ನುವ ಮಧ್ಯಮ ದಪ್ಪದ ಪೂರ್ತಿ ಉಣ್ಣೆ, 4 ಮಿಲಿಮೀಟರ್ ಕಡ್ಡಿ (ಹಳೆಯ ಲೆಕ್ಕದಲ್ಲಿ 8ನೇ ನಂಬರ್, ಆ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ತೆಳು): ಸಿಕ್ಕಿದ್ದು 18 ಕುಣಿಕೆ, 36 ಸಾಲು. 50 ಸೆಂಟಿಮೀಟರ್ ಅಗಲಕ್ಕೆ 90 ಕುಣಿಕೆ ಬೇಕು. ನಮೂನೆಗೆ ಕೂಡಿಬರಲು 7 ಸಲ 12 ಎಂದರೆ 84, ಎರಡೂ ಬದಿ ಒಂದೇ ಥರ ಕಾಣಲು 1, ಅಂಚಿಗೆ ಮೂರು ಮೂರು. ಒಟ್ಟು 91. ಉದ್ದ 180 ಸೆಂಟಿಮೀಟರಿಗೆ 648 ಸಾಲು: ನಮೂನೆ 13 ಸಲ, ಅಂದರೆ 624 ಸಾಲು, ಉಳಿದ 24 ಸಾಲನ್ನು ಎರಡು ತುದಿಗೆ ಹನ್ನೆರಡರಂತೆ ಬರೀ ಕೆಂಪು ಅಂಚಾಗಿ ಹಂಚಿದ್ದು.

ನೂಲು ಎಷ್ಟು ಬೇಕೆಂಬುದನ್ನೂ ಅದೇ ತುಂಡು ಹೇಳುತ್ತದೆ. 225 ಚದರ ಸೆಂಟಿಮೀಟರಿನ ತುಂಡು ಏಳೂವರೆ ಗ್ರಾಂ ತೂಗಿತು. ಶಾಲು ಸುಮಾರು 9,100 ಚದರ ಸೆಂಟಿಮೀಟರ್, ಅಂದರೆ 303 ಗ್ರಾಂ. ಅದರ ಮೇಲೆ ನೂರಕ್ಕೆ ಹದಿನೈದರಷ್ಟು ಹೆಚ್ಚು ಇಟ್ಟುಕೊಳ್ಳಬೇಕು. ಎಡವಿದ್ದು ಇಲ್ಲೇ. ಎರಡು ಬಣ್ಣಕ್ಕೂ ಸಾಲು ಸಮ, ಆದ್ದರಿಂದ ನೂಲೂ ಸಮ ಎಂದುಕೊಂಡು, ಆ ಹೆಚ್ಚನ್ನೂ ಇಡದೆ, 50 ಗ್ರಾಮಿನ ಉಂಡೆ ಮೂರು ಕೆಂಪು, ಮೂರು ಬಿಳಿ ಬಂದವು. ಸಾಲು ಸಮವಿದ್ದರೂ ಕೆಂಪು ಸಾಲಿನಲ್ಲಿ ಹೆಣೆಯುವ ಕುಣಿಕೆ ಹೆಚ್ಚು, ದಾಟಿಸುವುದು ಕಡಿಮೆ. ಜೊತೆಗೆ ತುದಿಯ ಅಂಚು ಎರಡೂ ಕೆಂಪು. ಒಂದು ನಮೂನೆಗೆ ಕೆಂಪು 12 ಗ್ರಾಂ, ಬಿಳಿ ಹತ್ತೂವರೆ ಗ್ರಾಂ ಹೋಗುತ್ತಿತ್ತು. ಹನ್ನೆರಡನೆಯ ನಮೂನೆ ಮುಗಿಯುವ ಹೊತ್ತಿಗೆ ಕೆಂಪು ಖಾಲಿ.

ನಾಲ್ಕನೆಯ ಕೆಂಪು ಉಂಡೆ ಆಮೇಲೆ ಬಂತು. ಅದೇ ಕಂಪನಿ, ಅದೇ ಬಣ್ಣದ ನಂಬರ್, ಆದರೆ ಚೀಟಿಯ ಮೇಲಿನ ಡೈ ಲಾಟ್ (ಒಂದೇ ಸಲಕ್ಕೆ ಬಣ್ಣ ಹಾಕಿದ ನೂಲಿನ ಗುರುತು) ಬೇರೆ. ಲಾಟ್ ಬದಲಾದರೆ ಛಾಯೆ ಬದಲಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹಗಲು ಬೆಳಕಿನಲ್ಲಿ ಪಕ್ಕ ಇಟ್ಟು ನೋಡಿದೆವು, ಛಾಯೆ ಹೊಂದಿತು. ಬಣ್ಣ ಹಿಡಿದಿರುವ ಗಟ್ಟಿತನವೂ ಲಾಟಿನಿಂದ ಲಾಟಿಗೆ ಬದಲಾಗಬಹುದು ಎನ್ನುವುದನ್ನು ಯೋಚಿಸಲಿಲ್ಲ. ಮಾದರಿ ತುಂಡಿನಲ್ಲಿ ಬಣ್ಣ ಬಿಟ್ಟಿರಲಿಲ್ಲ, ಆದರೆ ಆ ತುಂಡು ಮೊದಲ ಲಾಟಿನದು. ಹೊಸ ಉಂಡೆ ಬಂದಾಗಲೆಲ್ಲ ಒಂದು ಗೇಣು ನೂಲು ಕತ್ತರಿಸಿ, ಅದೇ ಬಿಳಿ ನೂಲಿನೊಂದಿಗೆ ಹೊಸೆದು, ಸೋಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಬಿಟ್ಟು, ಬಿಳಿಯ ಮೇಲೆಯೇ ಒಣಗಲು ಬಿಡಬೇಕು. ಒದ್ದೆಯಲ್ಲಿ ಕಾಣದ ಬಣ್ಣ ಒಣಗುವಾಗ ಕಾಣುತ್ತದೆ.

ಬಚ್ಚಲಿಗೆ ಬರೋಣ. ನೀರು ಕೆಂಪಾದ ಕೂಡಲೇ ಶಾಲನ್ನು ಎತ್ತಬೇಕು, ಯೋಚಿಸುತ್ತ ನಿಲ್ಲಬಾರದು. ಬಣ್ಣ ಬಿಡುತ್ತಿದ್ದುದು ಹದಿಮೂರನೆಯ ನಮೂನೆ ಮತ್ತು ಕೊನೆಯ ಅಂಚು, ಸುಮಾರು 17 ಸೆಂಟಿಮೀಟರ್ ಮಾತ್ರ. ಶಾಲನ್ನು ಎರಡೂ ಕೈಯಲ್ಲಿ ಆನಿಸಿ ಹಿಡಿದು, ಆ ತುದಿ ಕೆಳಗೆ ಬರುವಂತೆ ತಣ್ಣೀರಿನ ನಲ್ಲಿಗೆ ಒಡ್ಡಿದ್ದರಿಂದ ಕೆಂಪು ನೀರು ಮೇಲೆ ಹತ್ತಲಿಲ್ಲ. ಏಳು ನೀರು ಬದಲಿಸಿದ ಮೇಲೆ ಬಕೆಟಿನ ತಳ ಸ್ಪಷ್ಟ ಕಂಡಿತು. ಹಿಂಡಬಾರದು, ಉಜ್ಜಬಾರದು. ಬಿಸಿ ನೀರಿನಿಂದ ತಣ್ಣೀರಿಗೆ ಒಮ್ಮೆಲೇ ಹಾಕಬಾರದು. ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕಂಬಳಿಯಂತೆ ಗಟ್ಟಿಯಾದರೆ ಮತ್ತೆ ಬಿಡಿಸಲು ಬರುವುದಿಲ್ಲ. ದಪ್ಪ ಟವೆಲಿನಲ್ಲಿ ಸುತ್ತಿ, ಮೇಲೆ ಮೊಣಕಾಲೂರಿ ಒತ್ತಿ ನೀರು ತೆಗೆದದ್ದು.

ನೀರಿಗೆ ಉಪ್ಪು ಹಾಕಿ, ವಿನೆಗರ್ ಹಾಕಿ ಎಂಬ ಸಲಹೆ ಎಲ್ಲ ಮನೆಗಳಲ್ಲೂ ಸಿಗುತ್ತದೆ. ತಣ್ಣೀರಿನಲ್ಲಿ ಅದರಿಂದ ಪ್ರಯೋಜನವಿಲ್ಲ. ಉಣ್ಣೆಗೆ ಸಾಮಾನ್ಯವಾಗಿ ಹಾಕುವುದು ಆಮ್ಲದಲ್ಲಿ ಹಿಡಿಯುವ ಬಣ್ಣ. ಅದಕ್ಕೆ ಹುಳಿ ಎಷ್ಟು ಬೇಕೋ ಕಾವೂ ಅಷ್ಟೇ ಬೇಕು. ಕುದಿಯುವುದಕ್ಕೆ ಸ್ವಲ್ಪ ಮುಂಚಿನ ಕಾವು, 85ರಿಂದ 90 ಡಿಗ್ರಿ. ಇಡೀ ಶಾಲನ್ನು ಆ ಕಾವಿಗೆ ಒಡ್ಡುವ ಧೈರ್ಯ ಸಲ್ಲದು. ಒಣಗಿದಾಗ ಹನ್ನೆರಡು ನಮೂನೆಯ ಬಿಳಿ ಬಿಳಿಯಾಗಿಯೇ ಇತ್ತು, ಹದಿಮೂರನೆಯದು ಮಾತ್ರ ದಾಸವಾಳ ತೊಳೆದ ನೀರಿನ ಬಣ್ಣ. ಬಿಚ್ಚುವುದೆಂದು ತೀರ್ಮಾನವಾಯಿತು.

ಬಿಚ್ಚುವ ಮೊದಲು ಹನ್ನೆರಡನೆಯ ನಮೂನೆಯ ಕೊನೆಯ ಸಾಲಿನ 91 ಕುಣಿಕೆಗೂ ಹೊಲಿಗೆ ಸೂಜಿಯಿಂದ ನುಣುಪಾದ ಹತ್ತಿ ದಾರ ಪೋಣಿಸಿದೆವು. ಮೇಲಿನದನ್ನು ಎಳೆದಾಗ ಬಿಚ್ಚುವುದು ಆ ದಾರದವರೆಗೆ ಬಂದು ನಿಲ್ಲುತ್ತದೆ. (ನಮ್ಮ ಕಡೆ ಹೂ ಕಟ್ಟುವ ಬಾಳೆನಾರು ಕೈಗೆ ಹತ್ತಿರವಿರುತ್ತದೆ, ಅದನ್ನು ಇಲ್ಲಿ ಬಳಸಬೇಡಿ, ಸಿಬಿರು ಉಣ್ಣೆಗೆ ಹಿಡಿಯುತ್ತದೆ.) ಶಾಲು ಪೂರ್ತಿ ಒಣಗಿದ ಮೇಲೆಯೇ ಬಿಚ್ಚಬೇಕು. ಒದ್ದೆ ಕುಣಿಕೆ ಎಳೆದರೆ ನೂಲು ಹಿಗ್ಗುತ್ತದೆ, ಕೂದಲು ಏಳುತ್ತದೆ. 60 ಸಾಲು ಹೋಯಿತು. ಬಿಚ್ಚಿದ ಬಿಳಿ ನೂಲು ಗುಲಾಬಿಯಾಗಿದ್ದರಿಂದ ಕೆಲಸಕ್ಕೆ ಬರಲಿಲ್ಲ. ಮೂರನೆಯ ಬಿಳಿ ಉಂಡೆಯಲ್ಲಿ 13 ಗ್ರಾಂ ಉಳಿದಿತ್ತು, ಬೇಕಾದದ್ದು ಹತ್ತೂವರೆ. ಬರೀ ಎರಡೂವರೆ ಗ್ರಾಮಿನ ಅಂತರದಲ್ಲಿ ಬಿಳಿ ಸಾಕಾಯಿತು.

ಕೆಂಪು ಉಂಡೆಯಲ್ಲಿ ಬಳಸದೆ ಉಳಿದ 32 ಗ್ರಾಮಿಗೆ ಮಾತ್ರ ಕಾವು ಕೊಟ್ಟದ್ದು. ಉಂಡೆಯಾಗಿಯೇ ಹಾಕಿದರೆ ಒಳಗಿನವರೆಗೆ ನೀರು ಹೋಗುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಮೊದಲು ಸಾದಾ ನೀರಿನಲ್ಲಿ ನೆನೆಸಿಡಬೇಕು. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಬಿಳಿ ವಿನೆಗರ್. ಹುಳಿಗೆಂದು ಮುರುಗಲು ಹಾಕಬೇಡಿ, ಅದರಲ್ಲಿ ಅದರದೇ ಕೆಂಪು ಇದೆ. ಲಡಿಯನ್ನು ತಣ್ಣೀರಿನಲ್ಲೇ ಇಳಿಸಿ ನಿಧಾನ ಕಾವು ಏರಿಸುವುದು, ಸಣ್ಣ ಗುಳ್ಳೆ ಏಳುವ ಹೊತ್ತಿಗೆ ಉರಿ ತಗ್ಗಿಸಿ 40 ನಿಮಿಷ ಇಡುವುದು, ಕೈಯಾಡಿಸದೆ. ಆಮೇಲೆ ಅದೇ ಪಾತ್ರೆಯಲ್ಲಿ ತಾನಾಗಿ ತಣಿಯಬೇಕು. ಆ ಪಾತ್ರೆ ಮತ್ತೆ ಅಡುಗೆಗೆ ಬೇಡ. ಅಕ್ರಿಲಿಕ್ ನೂಲಿಗೆ ಈ ಉಪಾಯ ನಡೆಯುವುದಿಲ್ಲ, ಅದಕ್ಕೆ ಹಾಕುವ ಬಣ್ಣವೇ ಬೇರೆ ಜಾತಿ. ತಣಿದ ಲಡಿಯನ್ನು ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯಿತು.

ಮತ್ತೆ ಹೆಣೆದದ್ದು ಒಂದೂವರೆ ದಿನದ ಕೆಲಸ. 91 ಕುಣಿಕೆ ನೇರ ಕಡ್ಡಿಯಲ್ಲೂ ಹಿಡಿಯುತ್ತದೆ, ಆದರೆ ಕೊನೆಗೆ ಬರುವಾಗ 300 ಗ್ರಾಂ ಪೂರ್ತಿ ಮಣಿಕಟ್ಟಿಗೆ ಜೋತುಬೀಳುತ್ತದೆ. 80 ಸೆಂಟಿಮೀಟರಿನ ವೃತ್ತಾಕಾರದ ಕಡ್ಡಿಯಾದರೆ ಭಾರ ಮಡಿಲಲ್ಲಿರುತ್ತದೆ. ಬಣ್ಣ ಬದಲಿಸುವ ಅಂಚಿನಲ್ಲಿ ಎರಡು ನೂಲನ್ನು ಒಂದು ಸುತ್ತು ಹೆಣೆದುಕೊಳ್ಳುವಂತೆ ಮಾಡಿ ಸಡಿಲ ಬಿಡಬೇಕು. ಎಳೆದರೆ ಆ ಬದಿ ಗಿಡ್ಡವಾಗಿ ಶಾಲು ಬಿಲ್ಲಿನಂತೆ ಬಾಗುತ್ತದೆ. ಕುಣಿಕೆ ಮುಚ್ಚುವುದು ಒಂದು ಅಳತೆ ದಪ್ಪದ ಕಡ್ಡಿಯಲ್ಲಿ, ಇಲ್ಲಿ ನಾಲ್ಕೂವರೆ ಮಿಲಿಮೀಟರ್. ಮುಚ್ಚಲು ಶಾಲಿನ ಅಗಲದ ಮೂರೂವರೆ ಪಟ್ಟು ನೂಲು ಬೇಕು. 2 ಮೀಟರ್ ಉಳಿದಾಗಲೇ ನಿಲ್ಲಿಸಿ.

ಎರಡನೆಯ ಸಲ ನೀರಿಗೆ ಹಾಕುವ ಮೊದಲು ಅಡುಗೆ ತಕ್ಕಡಿಯಲ್ಲಿ 306 ಗ್ರಾಂ. ಈ ಸಂಖ್ಯೆ ಬರೆದಿಡುವುದು ಮಲೆನಾಡಿನ ಮಳೆಗಾಲದಲ್ಲಿ ಬಹಳ ಮುಖ್ಯ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರು ಹೀರಿಯೂ ಮುಟ್ಟಿದವರಿಗೆ ಒಣಗಿದಂತೆಯೇ ಅನಿಸುತ್ತದೆ. ಬೆರಳನ್ನು ನಂಬಿ ಮಡಚಿಟ್ಟರೆ ವಾರದೊಳಗೆ ಮುಗ್ಗಲು ವಾಸನೆ. ತಕ್ಕಡಿ ಸುಳ್ಳು ಹೇಳುವುದಿಲ್ಲ. ಆದರೆ ಬೇಸಿಗೆಯ ತೂಕದೊಂದಿಗೆ ಹೋಲಿಸಬಾರದು, ಮಳೆಗಾಲದ ಗಾಳಿಯಲ್ಲಿ ಉಣ್ಣೆ ಯಾವಾಗಲೂ ತುಸು ಭಾರ. ಮುಳುಗಿಸುವ ಮುಂಚಿನ ತೂಕವೇ ಗುರಿ.

ಹಾಸಿದ್ದು ಮಂಚದ ಮೇಲೆ, ದಪ್ಪ ಹಾಸಿಗೆಗೆ ಹಳೆಯ ಹತ್ತಿ ಪಂಚೆ ಹೊದಿಸಿ. ಬರೀ ಚಾಪೆಯಲ್ಲಿ ಪಿನ್ ನಿಲ್ಲುವುದಿಲ್ಲ. ಪ್ರತಿ 5 ಸೆಂಟಿಮೀಟರಿಗೆ ಒಂದರಂತೆ ತೊಂಬತ್ತಕ್ಕೂ ಹೆಚ್ಚು ಪಿನ್, ಎಲ್ಲವೂ ಸ್ಟೇನ್‌ಲೆಸ್. ಈ ಕಡೆಯ ಹವೆಯಲ್ಲಿ, ಕಾರವಾರದಂಥ ಉಪ್ಪುಗಾಳಿಯಲ್ಲಿ ಇನ್ನೂ ಹೆಚ್ಚಾಗಿ, ಸಾದಾ ಕಬ್ಬಿಣದ ಪಿನ್ ರಾತ್ರಿ ಕಳೆಯುವಷ್ಟರಲ್ಲಿ ತುಕ್ಕಿನ ಚುಕ್ಕೆ ಇಟ್ಟಿರುತ್ತದೆ. ಬಲೆ ಹೆಣಿಗೆಯ ಶಾಲನ್ನು ಜಗ್ಗಿ ಹಿಗ್ಗಿಸಬೇಕು. ಇದನ್ನು ಜಗ್ಗಬಾರದು, ಬರೆದ ಅಳತೆಗೆ ಹೊಂದಿಸಿ ಬಿಟ್ಟರೆ ಸಾಕು. ಬಚ್ಚಲ ಒಲೆಯ ಮೇಲೆ ಗಳು ಕಟ್ಟಿ ಒಣಗಿಸೋಣ ಎಂಬ ಆಸೆ ಬರುತ್ತದೆ. ನೇತುಹಾಕಿದರೆ ನೀರಿನ ಭಾರಕ್ಕೆ ಶಾಲು ಉದ್ದವಾಗುತ್ತದೆ, ಬಿಳಿ ಉಣ್ಣೆ ಹೊಗೆ ಕುಡಿದು ಹಳದಿಯಾಗುತ್ತದೆ. ಫ್ಯಾನಿನ ಗಾಳಿಯೇ ಸಾಕು, ಕರೆಂಟು ಇದ್ದಷ್ಟು ಹೊತ್ತು.

ಟವೆಲಿನಿಂದ ತೆಗೆದಾಗ 480 ಗ್ರಾಂ ಇತ್ತು. ಮರುದಿನ ಬೆಳಿಗ್ಗೆ 372, ಸಂಜೆ 335. ಮುಟ್ಟಿದರೆ ಆಗಲೇ ಒಣಗಿದಂತಿತ್ತು. ಪ್ರತಿ ಸಲ ತೂಗಲು ಪಿನ್ ತೆಗೆದು ಮತ್ತೆ ಹಾಕುವುದು ಬೇಸರದ ಕೆಲಸ, ಆದರೂ ತಿರುವಿ ಹಾಸಲು ಅದೇ ನೆಪ. ಬೆನ್ನಿನ ಬದಿಗೂ ಗಾಳಿ ಸಿಗುತ್ತದೆ. ಮೂರನೆಯ ದಿನ ಬೆಳಿಗ್ಗೆ 314. ಸಂಜೆ ದೀಪ ಹಚ್ಚುವ ಹೊತ್ತಿಗೆ 307.

ಪಿನ್ ತೆಗೆದಾಗ ಉದ್ದ 181 ಇದ್ದದ್ದು ಸ್ವಲ್ಪ ಹೊತ್ತಿನಲ್ಲಿ 179ಕ್ಕೆ ಬಂದು ನಿಂತಿತು. ಹದಿಮೂರನೆಯ ನಮೂನೆಯ ಬಿಳಿ ಉಳಿದ ಹನ್ನೆರಡರ ಬಿಳಿಯಂತೆಯೇ ಇತ್ತು. ನೂಲಿನ ತುದಿಗಳನ್ನು ಹೆಣೆದ ಕೂಡಲೇ ಬೆನ್ನಿನೊಳಗೆ ಸೇರಿಸಿಟ್ಟಿದ್ದರೂ ಎರಡೆರಡು ಸೆಂಟಿಮೀಟರ್ ಬಾಲ ಬಿಟ್ಟಿದ್ದೆವು. ತೊಳೆಯುವ ಮೊದಲೇ ಕತ್ತರಿಸಿದರೆ ಬಟ್ಟೆ ಹಿಗ್ಗುವಾಗ ತುದಿ ಜಾರಿ ಮುಂಬದಿಗೆ ಇಣುಕುತ್ತದೆ. ಈಗ ಒಂದೊಂದೇ ಬಾಲ ಹಿಡಿದು, ಬಟ್ಟೆಗೆ ತಾಗದಂತೆ ಕತ್ತರಿಸಿದೆವು.